ಮದಲೇನಮ್ಮನ ಉಕ್ತಲೇಖನ

ಸುಳ್ಳು ಹೇಳಿದ್ದು ಇನ್ನಾಸಪ್ಪನೇ. ಅದೂ ಎಲ್ಲಿ? ಭಾನುವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಾ, ಬಾಯಲ್ಲಿ ಸತ್ಪ್ರಸಾದ ಇನ್ನೂ ಪೂರ್ತಿ ಕರಗುವ ಮುಂಚೆ. ಹಾಲು ಮಾರುವವನಿಗೆ ಸುಳ್ಳು ಹೊಸದೇನಲ್ಲ ಬಿಡಿ. ಆದರೆ ಇಷ್ಟು ದಪ್ಪದ್ದನ್ನು ಅವನು ಜನ್ಮದಲ್ಲಿ ಹೇಳಿರಲಿಲ್ಲ.

ಆವತಿಯ ಆಚೆಗಿರುವ ಆ ಹಳ್ಳಿಯಲ್ಲಿ ಕ್ರೈಸ್ತರ ಮನೆ ನಾಲ್ಕೇ ನಾಲ್ಕು. ಊರಿನ ಶಾಲೆ ನಾಲ್ಕನೇ ಕ್ಲಾಸಿಗೆ ಕೈ ಎತ್ತಿಬಿಡುತ್ತಿತ್ತು. ಮುಂದಕ್ಕೆ ಓದಬೇಕೆಂದರೆ ದೇವನಹಳ್ಳಿಗೆ ನಡೆಯಬೇಕು. ಮಕ್ಕಳೇನೋ ನಡೆಯಲು ತಯಾರು, ಆದರೆ ಎಮ್ಮೆಗಳು ತಮ್ಮಷ್ಟಕ್ಕೆ ತಾವೇ ಮೇಯ್ದು ಬರಲು ತಯಾರಿರಲಿಲ್ಲ. ಅದಕ್ಕೇ ಅರವತ್ತೇಳನೇ ಇಸವಿಯಲ್ಲಿ ಹಿರಿಯರು ಕೂತು ಮಾತಾಡಿದರು: ಮನೆಗಳಲ್ಲೇ ಪಾಠ ಹೇಳೋಣ, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಪ್ರೈವೇಟಾಗಿ ಕೂರಿಸೋಣ.

ಮೇಷ್ಟರುಗಳನ್ನು ನೋಡಬೇಕಿತ್ತು ನೀವು! ಇಂಗ್ಲಿಷಿಗೆ ಚೌರಪ್ಪ; ಬೆಂಗಳೂರು ದಂಡಿನಲ್ಲಿ ಬಿಳಿ ದೊರೆಯೊಬ್ಬನ ಮನೆಯಲ್ಲಿ ಬಟ್ಲರ್ ಆಗಿದ್ದವನು. 'ಮಾಸ್ಟರ್ ಈಟಿಂಗ್, ಮೇಡಂ ಸ್ಲೀಪಿಂಗ್' ಎಂಬಲ್ಲಿಗೆ ಅವನ ವ್ಯಾಕರಣ ಮುಗಿಯುತ್ತಿತ್ತು. ಕನ್ನಡಕ್ಕೆ ಉಪದೇಶಿ ರಾಯಪ್ಪ. ಪಾದ್ರಿ ಸ್ವಾಮಿಗಳು ಬಾರದ ವಾರ ಚರ್ಚಿನಲ್ಲಿ ಜಪ ಹೇಳಿಸುವವನು ಅವನೇ. ಅವನ ಕೈಯಲ್ಲಿ ಕಲಿತ ಮಕ್ಕಳು ಹಸುವಿನ ಮೇಲೆ ಪ್ರಬಂಧ ಬರೆ ಎಂದರೆ 'ಓ ಹಾಲಿನಿಂದ ತುಂಬಿದ ಹಸುವೇ, ನಿನಗೆ ನಮಸ್ಕಾರ' ಎಂದು ಶುರುಮಾಡಿ ಆಮೆನ್ ಎಂದು ಮುಗಿಸುತ್ತಿದ್ದವು. ಲೆಕ್ಕಕ್ಕೆ ಇನ್ನಾಸಪ್ಪ. ಹಾಲಿಗೆ ನೀರು ಬೆರೆಸುವ ಲೆಕ್ಕದಲ್ಲಿ ತಾಲ್ಲೂಕಿಗೇ ಅವನನ್ನು ಮೀರಿಸುವವರಿರಲಿಲ್ಲ.

ಸಂಬಳಕ್ಕೂ ದಾರಿ ಹುಡುಕಿದರು. ಮುದ್ದೆಗೆ ಎಸರಿಡುವಾಗ ಮನೆಮನೆಯ ಹೆಂಗಸರೂ ಒಂದು ಹಿಡಿ ಹಿಟ್ಟನ್ನು ದೇವರ ಪಾಲೆಂದು ಮಡಕೆಗೆ ಹಾಕಿ ಚರ್ಚಿಗೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಆ ಹಿಡಿಹಿಟ್ಟನ್ನು ಪಾಠ ಹೇಳುವ ಮನೆಗಳಿಗೆ ತಿರುಗಿಸಿದರು. ಸ್ವಾಮಿಗಳು ಮುಖ ಸಿಂಡರಿಸಿದಾಗ ಚೌರಪ್ಪ, "ದೇವ್ರು ಮುದ್ದೆ ಉಣ್ಣಲ್ಲ ಸ್ವಾಮಿ, ತಾವೂ ಅನ್ನ ಉಣ್ಣೋರು," ಎಂದು ಕೈಮುಗಿದ. ಸ್ವಾಮಿಗಳು ಮತ್ತೆ ಆ ಮಾತೆತ್ತಲಿಲ್ಲ.

ತೊಡಕಾದದ್ದು ನಾಲ್ಕನೇ ಮನೆಯದು. ಅದು ಮದಲೇನಮ್ಮನದು. ಗಂಡ ತೀರಿಹೋಗಿದ್ದ, ಮನೆಯಲ್ಲಿ ಒಲೆ ಹತ್ತಿದ ದಿನ ಹತ್ತಿತು, ಇಲ್ಲದ ದಿನ ಇಲ್ಲ. ಓದು ಬರಹ ಇಲ್ಲ, ಆದರೆ ಬಾಯಿ? ಅಬ್ಬಬ್ಬಾ! ಅವಳು ಬಾಯಿ ತೆರೆದರೆ ಕೆರೆ ಏರಿಯ ಮೇಲಿನ ನಾಯಿಗಳೂ ಬಾಲ ಮುದುರುತ್ತಿದ್ದವು. ಮಗಳು ಲೂರ್ದು ಏಳನೇದು ಪಾಸಾದರೆ ನರ್ಸ್ ಟ್ರೈನಿಂಗಿಗೆ ತೆಗೆದುಕೊಳ್ಳುತ್ತೇವೆಂದು ಬೆಂಗಳೂರಿನ ಕಾನ್ವೆಂಟ್ ಸಿಸ್ಟರುಗಳು ಹೇಳಿದ್ದರು. ಆ ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಇನ್ನಾಸಪ್ಪ ಕೇಳಿದಾಗ ತಾಯಿ ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ.

"ಹೇಳ್ಕೊಡಕ್ಕೆ ನಂಗೇನೂ ಬರಲ್ಲ. ಪುಕ್ಕಟೆ ಪಾಠ, ಪುಕ್ಕಟೆ ಹಿಟ್ಟು ನಂಗೆ ಬ್ಯಾಡ. ಹುಡ್ಗಿ ದ್ರಾಕ್ಷಿ ತೋಟಕ್ಕೆ ಕೂಲಿಗೋಗ್ತಾಳೆ ಬಿಡಣ್ಣ."

ಇನ್ನಾಸಪ್ಪ ಬಿಡುವ ಹಾಗಿರಲಿಲ್ಲ. ಅವನು ಲೂರ್ದುವಿನ ಜ್ಞಾನತಂದೆ. ಜ್ಞಾನಸ್ನಾನದ ದಿನ ಆ ಕೂಸನ್ನು ಎತ್ತಿ ಹಿಡಿದು, ಇವಳನ್ನು ನೋಡಿಕೊಳ್ಳುತ್ತೇನೆಂದು ದೇವರ ಮುಂದೆ ಮಾತು ಕೊಟ್ಟವನು. ಆ ಸಂಕಟದಲ್ಲಿ ಸುಳ್ಳು ತಾನಾಗಿಯೇ ಹೊರಟಿತು.

"ಅಯ್ಯೋ, ನೀನಿಲ್ದೆ ಹೆಂಗೆ ತಾಯಿ? ಪರೀಕ್ಷೇಲಿ ಉಕ್ತಲೇಖನ ಅಂತ ಬ್ಯಾರೆ ಪೇಪರೇ ಐತಲ್ಲ! ಒಬ್ರು ಗಟ್ಟಿಯಾಗಿ ಹೇಳ್ಬೇಕು, ಮಕ್ಳು ಬರೀಬೇಕು. ನಮ್ಮ ಗಂಟ್ಲಲ್ಲಿ ಆಯ್ತದಾ ಅದು?"

"ಏನು ಹೇಳ್ಬೇಕು?"

"ಬಾಯಿಗೆ ಬಂದಿದ್ದು."

"ಅದಾದ್ರೆ ಬರ್ತದೆ," ಎಂದಳು.

ಅಲ್ಲಿಗೆ ಅವಳು ಟೀಚರಮ್ಮ ಆದಳು. ಸಂಜೆ ಅವಳ ಜಗಲಿಗೆ ಮಕ್ಕಳು ಬಂದು, ಎದ್ದು ನಿಂತು ನಮಸ್ಕಾರ ಹೇಳುವವು. ಮೂರು ಮನೆಯಿಂದ ಹಿಟ್ಟು ಬಂದರೆ ತಲೆ ತಗ್ಗಿಸಿ ಇಸಕೊಳ್ಳುತ್ತಿದ್ದಳೇ? ಎಲ್ಲಿಯ ಮಾತು! "ಇದೇನು ಹಿಡಿಯೋ ಚಿಟಿಕೆಯೋ? ಮೇಷ್ಟ್ರ ಸಂಬ್ಳ ಕಣ್ರೇ ಇದು," ಎಂದು ಜಗಳ ಕಾದು ಇನ್ನೊಂದು ಹಿಡಿ ಹಾಕಿಸಿಕೊಳ್ಳುವಳು. ಉಳಿದ ಮೂವರು ಮೇಷ್ಟರುಗಳೂ ಪಾಠದ ಹೊತ್ತಿಗೆ ಆ ಕಡೆ ಸುಳಿಯುತ್ತಿರಲಿಲ್ಲ. ಎಲ್ಲಿ ನಗು ಬಂದು ಗುಟ್ಟು ರಟ್ಟಾದೀತೋ ಎಂಬ ಭಯ. ಹೀಗಾಗಿ ಅವಳು ಏನು ಬರೆಸುತ್ತಾಳೆಂದು ಯಾರಿಗೂ ತಿಳಿಯದು.

ಪರೀಕ್ಷೆ ಹತ್ತಿರವಾದಂತೆ ಇನ್ನಾಸಪ್ಪ ಹಾಲಿಗೆ ನೀರು ಬೆರೆಸುವ ಲೆಕ್ಕವನ್ನೂ ತಪ್ಪತೊಡಗಿದ. ಮದಲೇನಮ್ಮನಿಗೆ ಸುಳ್ಳು ಗೊತ್ತಾದರೆ ಮಗಳ ಜುಟ್ಟು ಹಿಡಿದು ಎಳೆದುಕೊಂಡು ಹೋಗುವುದು ಖಂಡಿತ. ನರ್ಸೂ ಇಲ್ಲ, ಗಿರ್ಸೂ ಇಲ್ಲ, ದ್ರಾಕ್ಷಿ ತೋಟವೇ ಗತಿ.

ಪರೀಕ್ಷೆಗೆ ದೇವನಹಳ್ಳಿಗೆ ಎಲ್ಲರೂ ಹೊರಟರು. ಲೆಕ್ಕ, ಇಂಗ್ಲಿಷು ಮುಗಿದು ಕೊನೆಗೆ ಕನ್ನಡದ ದಿನ ಬಂತು. ಮಕ್ಕಳು ಒಳಗೆ ಬರೆಯುತ್ತಿದ್ದರು. ಮದಲೇನಮ್ಮ ಮದುವೆಯ ಸೀರೆ ಉಟ್ಟು ಬಂದಿದ್ದವಳು, ಸೀದಾ ಶಾಲೆಯ ಜವಾನ ಪಿಳ್ಳಣ್ಣನ ಹತ್ತಿರ ಹೋದಳು.

"ಉಕ್ತಲೇಖನದ ಪೇಪರು ಯಾವತ್ತಪ್ಪಾ? ನಾನೇ ಅದ್ರ ಟೀಚರು."

"ಅಂಥಾದ್ದೊಂದು ಇಲ್ಲ ಕಣಮ್ಮೋ. ಇವತ್ತಿಗೆ ಎಲ್ಲಾ ಖಲಾಸ್."

ಹುಣಸೆ ಮರದ ಕೆಳಗಿದ್ದ ಚೌರಪ್ಪ ತಕ್ಷಣ ಆಕಾಶ ನೋಡತೊಡಗಿದ. ಉಪದೇಶಿ ಜಪಸರ ತೆಗೆದ. ಇಂಥ ಹೊತ್ತಿನಲ್ಲಿ ಇಬ್ಬರಿಂದಲೂ ಮೂರು ಕಾಸಿನ ಉಪಯೋಗವಿಲ್ಲ. ಮದಲೇನಮ್ಮ ಸೆರಗು ಬಿಗಿದು ಪರೀಕ್ಷೆಯ ಕೋಣೆಯತ್ತಲೇ ನಡೆದಳು. ಇನ್ನಾಸಪ್ಪ ಓಡಿಹೋಗಿ ಅಡ್ಡ ನಿಂತ.

"ಭಿಕ್ಷೆ ಇಕ್ಕಿದ್ರೇನೋ ನಂಗೆ? ವರ್ಷೆಲ್ಲಾ?"

"ಬಯ್ಯಿ. ಹೊಡಿ. ಚಪ್ಲಿ ತಗೋ. ಆ ಬಾಗ್ಲಿಗೆ ಮಾತ್ರ ಹೋಗ್ಬ್ಯಾಡ, ನಿನ್ನ ಕಾಲ್ ಹಿಡ್ಕೊತೀನಿ," ಎಂದು ಅವನು ನಿಜಕ್ಕೂ ಬಗ್ಗಿದ. ಅವನ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಕುಣಿಯುತ್ತಾ ಹೊರಗೆ ಬಂದರು, ಎಲ್ಲರಿಗಿಂತ ಮುಂದೆ ಇನ್ನಾಸಪ್ಪನ ಮಗ ಅಂತೋಣಿ.

"ಟೀಚರಮ್ಮಾ! ಪ್ರಬಂಧ 'ನಮ್ಮ ನೆರೆಹೊರೆಯವರು' ಬಂದಿತ್ತು! ನೀವು ಬರೆಸಿದ್ದನ್ನೆಲ್ಲಾ ಬರೆದ್ಬಿಟ್ವಿ!"

ಮದಲೇನಮ್ಮನ ಮುಖ ಬಿಳಿಚಿತು. "ಎಲ್ಲಾನುವಾ?" ಎಂದಳು ಮೆಲ್ಲಗೆ.

ಅಂತೋಣಿ ಕೈಕಟ್ಟಿ ನಿಂತು ಒಪ್ಪಿಸಿದ. "ನಮ್ಮ ನೆರೆಯವನಾದ ಇನ್ನಾಸಪ್ಪನು ಹಾಲಿಗೆ ನೀರು ಹಾಕುವುದಿಲ್ಲ. ನೀರಿಗೆ ಹಾಲು ಹಾಕುತ್ತಾನೆ. ಚೌರಪ್ಪನು ದೊರೆಯ ಚಮಚ ಕದ್ದು ತಂದು ಅದರಲ್ಲಿ ಅಂಬಲಿ ಕುಡಿಯುತ್ತಾನೆ. ಉಪದೇಶಿಯ ಜಪ ಕೇಳಿ ದೇವರೇ ತೂಕಡಿಸುತ್ತಾನೆ."

"ಲೇ, ನಾನು ನಿಮ್ಮಪ್ಪ ಕಣೋ!" ಎಂದ ಇನ್ನಾಸಪ್ಪ.

"ನಾನೇನ್ಮಾಡ್ಲಪ್ಪಾ, ಬಾಯಿಪಾಠ ಆಗೋಗಿತ್ತು."

ಯಾರು ಮೊದಲು ನಕ್ಕರೋ ತಿಳಿಯಲಿಲ್ಲ. ಪಿಳ್ಳಣ್ಣನೇ ಇರಬೇಕು. ಚೌರಪ್ಪ ಮಾತ್ರ ನಗಲಿಲ್ಲ, ಚಮಚದ ವಿಷಯ ನಿಜವಾಗಿತ್ತು. ತಾನು ಇಕ್ಕಿದ ಹಿಟ್ಟು ತಿಂದು, ತನ್ನ ಮಗನ ಕೈಯಿಂದಲೇ ತನ್ನ ಮಾನ ಕಳೆಸಿದಳಲ್ಲ ಎಂದು ಇನ್ನಾಸಪ್ಪನಿಗೆ ಉರಿಯಿತು. ಉರಿಯುತ್ತಲೇ ನಗುವೂ ಬಂತು. ಲೆಕ್ಕ ಸರಿಹೋಯಿತಲ್ಲ, ಇನ್ನು ಇವಳು ನಮ್ಮನ್ನು ಬಿಟ್ಟುಬಿಡುತ್ತಾಳೆ ಎಂದುಕೊಂಡ.

ಆಗ ಲೂರ್ದು, "ನಾನು ಇನ್ನೊಂದು ಸಾಲು ಸೇರಿಸ್ದೆ," ಎಂದಳು.

"ಇನ್ನೇನು ಸೇರಿಸ್ದೆ, ಹಾಳಾದೋಳೆ?" ಎಂದಳು ತಾಯಿ.

ಹುಡುಗಿ ನೆಲ ನೋಡುತ್ತಾ ಹೇಳಿದಳು. "ಪರೀಕ್ಷೆಯಲ್ಲಿ ಇಲ್ಲದ ಪಾಠಕ್ಕೆ ಇವರು ನಮ್ಮಮ್ಮನನ್ನು ಟೀಚರು ಮಾಡಿದ್ದಾರೆ. ನನಗೆ ಗೊತ್ತು. ನಮ್ಮಮ್ಮನಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಲೆ ಹತ್ತುವುದು ಈ ಕಳ್ಳರಿಂದಲೇ."

ಇನ್ನಾಸಪ್ಪನಿಗೆ ಮದಲೇನಮ್ಮನ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಮಾತ್ರ ಕೇಳಿಸಿತು.

"ಅದೊಂದು ಸಾಲು ನಾನು ಬರೆಸ್ಲಿಲ್ಲ," ಎಂದಳು ಅವಳು ಎಲ್ಲರಿಗೂ ಕೇಳುವಂತೆ. ಆಮೇಲೆ ಇನ್ನಾಸಪ್ಪನತ್ತ ತಿರುಗಿದಳು. "ನಾನೇ ಬರೆಸ್ಬೇಕಾಗಿತ್ತು, ಇನ್ನಾಸಣ್ಣ."