ಪ್ರಿಸಿಲ್ಲ ಕಟ್ಟಿದ ರಾಗ

ಚಿಂತಾಮಣಿಯ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ಆರ್ಗನ್ ನುಡಿಸುತ್ತಿದ್ದ ಪ್ರಿಸಿಲ್ಲ ತಾನೇ ಕಟ್ಟಿದ ರಾಗವೊಂದು ಮೊದಲ ಸಲ ಕೀರ್ತನೆ ಪುಸ್ತಕದಲ್ಲಿ ಅವಳ ಹೆಸರಿನೊಡನೆ ಅಚ್ಚಾಗಲಿತ್ತು. ಶನಿವಾರ ಅದನ್ನು ಒಬ್ಬಳೇ ಅಭ್ಯಾಸ ಮಾಡುತ್ತಿದ್ದಾಗ, ಬೆಂಚು ಒರೆಸುತ್ತಿದ್ದ ಗಂಗುಲಮ್ಮ ತೆಲುಗು ಮಾತು ಕೂಡಿಸಿ ಹಾಡತೊಡಗಿದಳು. ಪ್ರಿಸಿಲ್ಲ ಇನ್ನೂ ಯಾರಿಗೂ ಕೇಳಿಸದ ಕೊನೆಯ ಸಾಲನ್ನೂ ಮುದುಕಿ ತಪ್ಪಿಲ್ಲದೆ ಹಾಡಿದಳು.

ಪ್ರಿಸಿಲ್ಲಳ ಕೈ ನಿಂತುಹೋಯಿತು. "ಇದು ನಿಮಗೆ ಹೆಂಗೆ ಗೊತ್ತು?"

"ನಿಮ್ಮಮ್ಮ ನಮ್ ಜೊತೆ ನಾಟಿ ಹಾಕ್ತಾ ಹಾಡ್ತಿದ್ದಿದ್ದಲ್ವೇನಮ್ಮ, ನಿನ್ನ ಬೆನ್ನಿಗೆ ಕಟ್ಕೊಂಡು. ಮರ್ತ್ಬಿಟ್ಯಾ?"

ಅಮ್ಮ ಸತ್ತಾಗ ಪ್ರಿಸಿಲ್ಲಳಿಗೆ ಎರಡು ವರ್ಷ. ಅಮ್ಮನ ದನಿ ಹೇಗಿತ್ತೆಂದು ಅವಳು ಕೇಳದ ನೆಂಟರಿರಲಿಲ್ಲ.

ಅಚ್ಚಿನವರಿಗೆ ಈಗಲೇ ಫೋನ್ ಮಾಡಿ ತನ್ನ ಹೆಸರು ತೆಗೆಸಬೇಕಿತ್ತು. ಆದರೆ ಅವಳು ಆರ್ಗನ್ ಬಿಟ್ಟು ಏಳಲಿಲ್ಲ.

"ಅಮ್ಮ ಹಾಡ್ತಿದ್ದಂಗೇ ಇನ್ನೊಂದ್ಸಲ ಹಾಡಿ," ಎಂದಳು.