ಎಡಗಡೆ ಪೆಡಲ್

ಅಯ್ಯಯ್ಯಪ್ಪಾ — ಪಾನಾ ಜಾರಿ ಬೆರಳ ಗೆಣ್ಣು ಸೈಕಲ್ಲಿನ ಕಂಬಿಗೆ ಬಡಿದು ಸಿಪ್ಪೆ ಸುಲಿದ ಹಾಗಾಯಿತು, ಬಾಯಲ್ಲಿಟ್ಟರೆ ಗ್ರೀಸಿನ ರುಚಿ, ಥೂ, ಮೂವತ್ತು ವರ್ಷ ಪೈಪು ತಿರುಗಿಸಿದ ನಲ್ಲಿ ರಿಪೇರಿಯವನ ಕೈ ಇದು, ಊರಿನ ಅರ್ಧ ನಲ್ಲಿಗಳು ಈ ಕೈ ಕಂಡರೆ ತೆಪ್ಪಗಾಗುತ್ತವೆ, ಒಂದು ಸೈಕಲ್ ಪೆಡಲ್ ಮಾತ್ರ ಮಿಸುಕುವುದಿಲ್ಲವಂತೆ, ಬಲಗಡೆಯದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತಲ್ಲ, ಹೊಸದು ಕೂತೂ ಆಯಿತು, ಎಡಗಡೆಯದಕ್ಕೇನು ದಾಡಿ — ಎಡಕ್ಕೆ ತಿರುಗಿಸಿದರೆ ಬಿಚ್ಚಬೇಕು, ಬಲಕ್ಕೆ ತಿರುಗಿಸಿದರೆ ಬಿಗಿಯಬೇಕು, ಇದು ಲೋಕನಿಯಮ, ಪಾನಾದ ಹಿಡಿಗೆ ಮಾರುದ್ದದ ಪೈಪು ಸಿಕ್ಕಿಸಿ ನೇತಾಡಿಯೂ ನೋಡಿದ, ಮತ್ತಷ್ಟು ಗಟ್ಟಿಯಾಯಿತು ದರಿದ್ರದ್ದು, ಹೆಂಡತಿ ಬಾಗಿಲಲ್ಲಿ ನಿಂತು, ಅಂಗಡಿಗೆ ಕೊಡಿ ಅಂದ್ರೆ ಮೂಗು ಮುರೀತೀರಿ, ಅವರು ಎರಡು ನಿಮಿಷದಲ್ಲಿ ಮಾಡಿಕೊಡ್ತಾರೆ, ನೀವು ಬೆಳಿಗ್ಗೆಯಿಂದ ಕುಸ್ತಿ ಆಡ್ತಿದ್ದೀರಿ.

ಅಂಗಡಿಯಂತೆ ಅಂಗಡಿ, ಎಲ್ಲಾ ಗೊತ್ತಿದ್ದೇ ಚುಚ್ಚುತ್ತಾಳೆ — ಆ ಸೈಕಲ್ ಅಂಗಡಿಯವನು ಒಂದನೇ ಕ್ಲಾಸಿನಿಂದ ಪಕ್ಕದಲ್ಲಿ ಕೂತವನು, ಸಂಜೆಯಾದರೆ ಅವನ ಬೆಂಚಿನ ಒಂದು ತುದಿಗೆ ಇವನು, ಇನ್ನೊಂದು ತುದಿಗೆ ಅವನು, ನಡುವೆ ಚದುರಂಗದ ಹಲಗೆ, ಹೋದ ತಿಂಗಳು ಆ ಪುಣ್ಯಾತ್ಮ ಅಂಗಡಿಯ ನಲ್ಲಿಯನ್ನು ತಾನೇ ರಿಪೇರಿ ಮಾಡ್ತೀನಿ ಅಂತ ಹೊರಟು, ಸೋರುವ ಕಡೆ ಹಳೇ ಟ್ಯೂಬಿನ ತುಂಡು ಸುತ್ತಿ ಗಂಟು ಹಾಕಿದ್ದ, ಕರಿ ಗಂಟು, ಅದರ ತುದಿಯಿಂದ ತೊಟ್ ತೊಟ್, ಇವನು ನಾಲ್ಕು ಗಿರಾಕಿಗಳ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕ, ನಲ್ಲಿಗೆ ನೆಗಡಿ ಅಂತ ಮಫ್ಲರ್ ಸುತ್ತಿದ್ದೀಯೇನೋ, ಅವರವರ ಕಸುಬು ಅವರವರಿಗೆ ಕಣೋ ಪೆದ್ದ — ಪೆದ್ದ ಅನ್ನಬಾರದಿತ್ತು, ಗಿರಾಕಿಗಳು ನಕ್ಕರು, ಅವನು ನಗಲಿಲ್ಲ, ನನ್ನ ನಲ್ಲಿ ನಾನು ನೋಡ್ಕೋತೀನಿ ಅಂದ, ಹಲಗೆ ಮಡಚಿಟ್ಟ, ಅವತ್ತಿನಿಂದ ಮಾತಿಲ್ಲ ಕತೆಯಿಲ್ಲ, ಸಂಜೆ ಎಲ್ಲಿ ಕೂರಬೇಕೋ ತಿಳಿಯದೆ ಇವನು ಅಡುಗೆಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುತ್ತಾನೆ, ಈಗ ಇದೇ ಸೈಕಲ್ ತಗೊಂಡು ಅವನ ಮುಂದೆ ನಿಲ್ಲೋದೇ, ಮಾಡಿದ್ದುಣ್ಣೋ ಮಹರಾಯ ಅಂತಾನೆ, ಬೇಡಪ್ಪಾ, ಸೇತುವೆಯಾಚೆ ಇನ್ನೊಂದು ಅಂಗಡಿ ಇದೆ, ದುಡ್ಡು ಕೊಟ್ಟರೆ ಯಾರಾದರೂ ಮಾಡ್ತಾರೆ, ಆದರೆ ಅಲ್ಲಿಗೂ ಅವನ ಅಂಗಡಿಯ ಮುಂದೆಯೇ ಹೋಗಬೇಕಲ್ಲ.

ಹೋಗ್ತೀನಿ, ತಲೆ ಬಗ್ಗಿಸಿಕೊಂಡು ತಳ್ತೀನಿ, ಯಾರಪ್ಪನ ರಸ್ತೆ — ತಳ್ಳಿದ, ಅಂಗಡಿ ಬಂತು, ನೋಡಬಾರದು, ನೋಡಬಾರದು, ನೋಡಿಬಿಟ್ಟ, ಅವನೂ ನೋಡಿದ, ಒಂದು ಕಡೆ ಹೊಸ ಪೆಡಲ್, ಇನ್ನೊಂದು ಕಡೆ ಮುರಿದದ್ದು, ನಡುವೆ ಸುಲಿದ ಬೆರಳು, ಬೇರೇನು ಹೇಳಬೇಕು, ಎದ್ದು ಬಂದ, ಪಾನಾ ಹಾಕಿದ, ಬಲಕ್ಕೆ ತಿರುಗಿಸಿದ — ಬಲಕ್ಕೆ! — ಒಂದೆರಡು ಸಲ ಮುಕ್ಕಿರಿದ, ಕಿರ್ರ್ ಅಂತ ಬಿಚ್ಚಿಕೊಂಡಿತು, ಎಡಗಡೆ ತಿರುಪು ಉಲ್ಟಾ ಇರುತ್ತೆ ಕಣೋ, ಅಂದ, ಅಂದರೆ ಬೆಳಿಗ್ಗೆಯಿಂದ ಮಾರುದ್ದದ ಪೈಪು ಹಾಕಿ ಬಿಗೀತಾ ಇದ್ದದ್ದು, ದೇವರೇ, ಗಿರಾಕಿಗಳು ಮೂವರು ಕೂತಿದ್ದಾರೆ, ಈಗ ಅಂತಾನೆ, ಪೆದ್ದ ಅಂತಾನೆ, ಅನ್ನಲಿ, ಅಂದರೆ ಲೆಕ್ಕ ಸಮ — ಕೈ ತೊಳ್ಕೋ ಹೋಗು, ರಕ್ತ ಬರ್ತಿದೆ, ಅಂದ, ಅಷ್ಟೇ ಅಂದ, ಇವನು ಮೂಲೆಗೆ ನಡೆದ, ನಲ್ಲಿ ಅಲ್ಲೇ ಇದೆ, ಕರಿ ಗಂಟು ಒಂದಿದ್ದದ್ದು ಮೂರಾಗಿದೆ, ಕೆಳಗೆ ಬಕೆಟ್, ಊರಲ್ಲಿ ಇನ್ನೂ ಇಬ್ಬರು ನಲ್ಲಿ ರಿಪೇರಿಯವರಿದ್ದಾರೆ, ತಿಂಗಳಿಡೀ ಅವನು ಯಾರನ್ನೂ ಕರೆದಿಲ್ಲ, ಯಾರನ್ನೂ — ನಗು ಬರುತ್ತಿದೆ, ಜೇಬಿನಲ್ಲಿ ವಾಷರ್ ಇದೆ, ಯಾವತ್ತೂ ಇರುತ್ತೆ, ಬಿಚ್ಚಲೇನೋ ಅಂತ ಕೇಳಬೇಕು, ಒಂದು ಮಾತು, ಕೇಳಬೇಕು, ಕರಿ ಗಂಟು, ತೊಟ್, ಕರಿ ಗಂಟು, ತೊಟ್