ಕಾಫಿಯ ಜೊತೆಗಿನ ಮಾತ್ರೆ

ಬೆಳಗಿನ ಪಾಳಿಗೆ ಹೊರಡುವವರಿಗೆ ಓರ್ತೆನ್ಸಿಯಾಳ ಅಡುಗೆಮನೆಯೇ ನಿಲ್ದಾಣ. ಮಗ ನಸಾರಿಯೊನ ವ್ಯಾನಿನಲ್ಲಿ ಮಾಂಸದ ಕಾರ್ಖಾನೆಗೆ ಹೋಗುವ ಅಕ್ಕಪಕ್ಕದವರೆಲ್ಲ ಬೆಳಕು ಹರಿಯುವ ಮೊದಲೇ ಬಂದು ಒಲೆಯ ಸುತ್ತ ನಿಲ್ಲುತ್ತಿದ್ದರು. ಚಕ್ಕೆ, ಬೆಲ್ಲ ಹಾಕಿ ಕುದಿಸಿದ ಕಾಫಿ. ಮೆಕ್ಕೆಜೋಳದ ರೊಟ್ಟಿಯಲ್ಲಿ ಸುತ್ತಿದ ಕಾಳಿನ ಪಲ್ಯ. ಯಾರೂ ಬರಿಹೊಟ್ಟೆಯಲ್ಲಿ ಹೋಗಕೂಡದು ಎಂಬುದು ಮುದುಕಿಯ ಹಟ. ಮೆಕ್ಸಿಕೊದ ಹಳ್ಳಿ ಬಿಟ್ಟು ಅಮೆರಿಕದ ಕಾನ್ಸಾಸ್‌ಗೆ ಬಂದು ತಲೆ ನರೆತರೂ ಆ ಹಟ ಹೋಗಿರಲಿಲ್ಲ. ಕಾಯಿಲೆ ಎಂದು ಮಲಗುವವನು ಮೈಗಳ್ಳ ಎಂಬ ನಂಬಿಕೆಯೂ ಹೋಗಿರಲಿಲ್ಲ.

ಆ ವಸಂತದಲ್ಲಿ ಸೋಂಕು ಬಂತು. ಶಾಲೆ ಮುಚ್ಚಿತು, ಚರ್ಚು ಮುಚ್ಚಿತು, ಬಸ್ಸು ನಿಂತಿತು. ದನ ತುಂಬಿದ ಲಾರಿಗಳನ್ನು ಬಿಟ್ಟರೆ ಹೆದ್ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ದೇಶವೆಲ್ಲ ಮನೆಯಲ್ಲಿ ಕೂತಿತು. ಕೂತವರಿಗೂ ಮಾಂಸ ಬೇಕಲ್ಲ, ಕಾರ್ಖಾನೆ ಮಾತ್ರ ನಿಲ್ಲಲಿಲ್ಲ. ಅದರ ಗೇಟಿನಲ್ಲಿ ಕಾವಲಿನವನು ಒಬ್ಬೊಬ್ಬರ ಹಣೆಗೂ ಜ್ವರ ಅಳೆಯುವ ಯಂತ್ರ ಹಿಡಿಯುತ್ತಿದ್ದ. ಮೈ ಬಿಸಿಯಿದ್ದವರು ವಾಪಸು, ಅಂದಿನ ಕೂಲಿಯೂ ಇಲ್ಲ. ಆಗಿನಿಂದ ಓರ್ತೆನ್ಸಿಯಾ ಪ್ರತಿ ಲೋಟದ ಪಕ್ಕ ಜ್ವರದ ಮಾತ್ರೆಯನ್ನೂ ಇಡತೊಡಗಿದಳು. ಬೇಕಾದವರೂ ನುಂಗಿದರು, ಬೇಡದವರೂ ನುಂಗಿದರು. ಅಜ್ಜಿ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದುಂಟೇ? ಅದೇ ಕಾರ್ಖಾನೆಯಲ್ಲಿ ಮಾಂಸ ಕಟ್ಟುವ ಕೆಲಸದಲ್ಲಿದ್ದ ಸೊಸೆ ರೊಸೆಂದಾ ಕೂಡ ನುಂಗಿದ್ದಳು.

ಒಂದು ಬೆಳಿಗ್ಗೆ ನಸಾರಿಯೊ ಗೋಡೆ ಹಿಡಿದುಕೊಂಡು ಎದ್ದ. ಮೈ ಕಾದ ಹೆಂಚಾಗಿತ್ತು. ಇವತ್ತು ಬೇಡವೆಂದು ರೊಸೆಂದಾ ಅವನ ಬೂಟುಗಳನ್ನು ಮಗುವಿನ ತೊಟ್ಟಿಲಿನ ಕೆಳಗೆ ಬಚ್ಚಿಟ್ಟಳು.

“ನಿಮ್ಮ ಮಾವ ಜ್ವರದಲ್ಲೇ ಕಬ್ಬು ಕಡೀತಿದ್ರು, ಒಂದು ದಿನ ಅಯ್ಯೋ ಅಂದೋರಲ್ಲ,” ಎಂದು ಅತ್ತೆ ಸಿಡುಕಿದಳು. “ನೀನೇನು ಗಂಡನ್ನ ತೊಟ್ಟಿಲಲ್ಲಿ ಹಾಕಿ ತೂಗ್ತೀಯಾ?”

“ಮಾತ್ರೆಯಿಂದ ಕಾಯಿಲೆ ಹೋಗಲ್ಲ ಅತ್ತೆ. ಆ ಮಷೀನಿನ ಕಣ್ಣಿಗೆ ಮಣ್ಣೆರಚಬಹುದು ಅಷ್ಟೆ. ಒಳಗೆ ಭುಜಕ್ಕೆ ಭುಜ ತಾಗಿಸಿ ನಿಂತವರ ಗತಿ ಏನು?”

ಮುದುಕಿ ಮುಖ ತಿರುಗಿಸಿದಳು. ನಸಾರಿಯೊ ಇಬ್ಬರನ್ನೂ ನೋಡಿ ನಕ್ಕು, ಅಮ್ಮ ಅಂಗೈಗೆ ಹಾಕಿದ್ದನ್ನು ಕಾಫಿಯ ಜೊತೆ ನುಂಗಿ, ಬೂಟು ಹುಡುಕಿ ಮೆಟ್ಟಿಕೊಂಡ. ಹೊರಗೆ ಕೊರೆಯುವ ಗಾಳಿ. ವ್ಯಾನಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಹೋದರು. ಗೇಟಿನಲ್ಲಿ ಯಂತ್ರ ಸುಮ್ಮನಿತ್ತು. ಒಳಗಿನ ಗದ್ದಲದಲ್ಲಿ ದಿನವಿಡೀ ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿಟ್ಟು ಕೂಗುತ್ತ ಕೆಲಸ ಮಾಡಿದರು.

ವಾರ ಕಳೆಯುವುದರೊಳಗೆ ವ್ಯಾನಿನಲ್ಲಿದ್ದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ನಸಾರಿಯೊನನ್ನು ಆಸ್ಪತ್ರೆಗೆ ಒಯ್ದರು. ಮನೆಯವರನ್ನು ಒಳಗೆ ಬಿಡಲಿಲ್ಲ. ನರ್ಸೊಬ್ಬಳು ಹಿಡಿದ ಫೋನಿನಲ್ಲಿ ರೊಸೆಂದಾ ಗಂಡನ ಉಸಿರು ಕೇಳಿದಳು, ಮಾತು ಕೇಳಲಿಲ್ಲ. ಬಂಧುಬಳಗದ ಪ್ರಾರ್ಥನೆಯಿಲ್ಲದೆ, ಅಳುವವರಿಲ್ಲದೆ, ದೂರ ದೂರ ನಿಂತ ನಾಲ್ಕು ಜನರ ಎದುರು ಅವನನ್ನು ಮಣ್ಣು ಮಾಡಿದರು.

ಮರುದಿನ ಬೆಳಿಗ್ಗೆ ರೊಸೆಂದಾಳ ಮೈಯೂ ಸುಡುತ್ತಿತ್ತು. ನಸಾರಿಯೊನ ಚಿಕ್ಕಪ್ಪನ ಮಗ ಫೆರ್ಮಿನ್ ಈಗ ವ್ಯಾನು ಓಡಿಸುತ್ತಿದ್ದ. ಅವನು ಕಾಫಿ ಕುಡಿದು ಹೊರಗೆ ಹೋಗಿ ಹಾರ್ನ್ ಹಾಕಿದ. ಅತ್ತೆ ಕಣ್ಣು ಊದಿಸಿಕೊಂಡು ಬಂದು ಸೊಸೆಯ ಮುಂದೆ ಲೋಟ ಇಟ್ಟಳು. ಪಕ್ಕದಲ್ಲಿ ಮಾತ್ರೆ.

“ನುಂಗು. ಮಗೂನ ಹೊಟ್ಟೆ ನೋಡ್ಬೇಡ್ವಾ?”

ರೊಸೆಂದಾ ಮಾತ್ರೆಯನ್ನು ಮುಟ್ಟದೆ ಎದ್ದಳು. ಮುಖಕ್ಕೆ ಬಟ್ಟೆ ಬಿಗಿದು, ವ್ಯಾನು ಹತ್ತದೆ, ಕಾರ್ಖಾನೆಯತನಕ ನಡೆದೇ ಹೋದಳು. ಮನೆಯಲ್ಲೇ ಮಲಗಬಹುದಿತ್ತು. ಆದರೆ ಅವಳೊಬ್ಬಳು ಮಲಗಿದರೆ ಉಳಿದವರು ನುಂಗುವುದು ನಿಲ್ಲುತ್ತದೆಯೇ? ಗೇಟಿನ ಮುಂದೆ ಇನ್ನೂ ಕರಗದಿದ್ದ ಸಾಲಿನಿಂದ ದೂರ, ಬಯಲಲ್ಲಿ ನಿಂತು ಗಂಟಲು ಕಿತ್ತುಹೋಗುವಂತೆ ಹೇಳಿದಳು:

“ನನಗೆ ಜ್ವರ ಇದೆ. ನನ್ನ ಗಂಡನಿಗೂ ಇತ್ತು. ನಮ್ಮನೇಲಿ ಮಾತ್ರೆ ನುಂಗಿ ಬಂದು ನಿಮ್ಮ ಪಕ್ಕದಲ್ಲೇ ನಿಂತಿದ್ದ. ಇವತ್ತು ನುಂಗಿ ಬಂದಿರೋರು ಯಾರ್ಯಾರು?”

ಸಾಲು ನೆಲ ನೋಡಿತು. ಕಾವಲಿನವನು ಯಂತ್ರ ಕೆಳಗಿಳಿಸಿದ. ಫೆರ್ಮಿನ್ ಸಾಲು ಬಿಟ್ಟು ಆಚೆ ಬಂದ. ಅವನ ಹಿಂದೆ ಚಾಕು ಹರಿತ ಮಾಡುವ ಹೆಂಗಸು, ಆಮೇಲೆ ಇನ್ನೂ ಕೆಲವರು. ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿತ್ತು.

ರೊಸೆಂದಾ ಮನೆ ಮುಟ್ಟಿದಾಗ ಓರ್ತೆನ್ಸಿಯಾ ಒಲೆ ಆರಿಸಿ ಕೂತಿದ್ದಳು. ಮಡಿಲಲ್ಲಿ ಮಾತ್ರೆಯ ಡಬ್ಬಿ. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಬೈಗುಳ ಬರುತ್ತದೆಂದು ಸೊಸೆ ಕಾದಳು.

“ಅವತ್ತು ಅವನಿಗೆ ಎರಡು ಕೊಟ್ಟೆ ಕಣೇ,” ಎಂದಳು ಮುದುಕಿ. “ಮೈ ಜಾಸ್ತಿ ಬಿಸಿಯಿತ್ತು ಅಂತ.”

ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕೆಂದು ರೊಸೆಂದಾಳ ಜೀವ ಒದ್ದಾಡಿತು. ಆದರೆ ಮೈಯಲ್ಲಿ ಜ್ವರವಿತ್ತು. ಅವಳು ಹೊಸ್ತಿಲಿನಾಚೆಯೇ ನಿಂತಳು.